ಕೌದಿಯ ಹೊಟ್ಟೆಗೆ ಇಟ್ಟ ರೊಟ್ಟಿ

ನನ್ನ ಹಿರಿಯ ಮಗಳು ಹದಿಮೂರನೆಯ ವಯಸ್ಸಿನಲ್ಲಿ ನನ್ನ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ಅಪ್ಪನ ಜೊತೆ ಮಾತಾಡುತ್ತಿದ್ದಳು, ಅಜ್ಜಿಯ ಜೊತೆ ಮಾತಾಡುತ್ತಿದ್ದಳು, ಬಾವಿಯ ಹತ್ತಿರ ಬಾಜೂ ಮನೆಯವಳ ಜೊತೆ ನಗುತ್ತಲೂ ಇದ್ದಳು. ನಾನು ಹತ್ತಿರ ಹೋದೆನೆಂದರೆ ತುಟಿ ಹೊಲಿದವರ ಹಾಗೆ ಆಗಿಬಿಡುತ್ತಿದ್ದಳು. ಅವಳು ಹುಟ್ಟಿದಾಗ ಆದ ನೋವನ್ನು ನಾನು ಎಂದೋ ಮರೆತಿದ್ದೇನೆ. ಈ ನಾಲ್ಕು ತಿಂಗಳನ್ನು ಮರೆಯುವುದಕ್ಕೆ ಆಗಿಲ್ಲ.

ಆಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾವು ಹಳೇ ಹುಬ್ಬಳ್ಳಿಯ ಒಂದು ಚಾಳಿನಲ್ಲಿದ್ದೆವು. ನಾಲ್ಕು ಮನೆ, ನಡುವೆ ಒಂದು ಅಂಗಳ, ಅಂಗಳದ ಮೂಲೆಗೆ ಬಾವಿ. ನಮ್ಮ ಯಜಮಾನರು ರೈಲ್ವೆ ಕಾರಖಾನೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದರು. ಬೆಳಗಿನ ಭೋಂಗಾ ಕೂಗುವುದರೊಳಗೆ ರೊಟ್ಟಿ ಕಟ್ಟಿ ಕೊಡುವುದು ನನ್ನ ಕೆಲಸ. ಒಂದು ರವಿವಾರ ಅವರು ಗಬ್ಬೂರಿನಿಂದ ಜೋಳದ ಚೀಲ ತರುವಾಗ ಚಕ್ಕಡಿ ಉರುಳಿ ಚೀಲಗಳು ಕಾಲಿನ ಮೇಲೆ ಬಿದ್ದವು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಎಲುಬು ಕಟ್ಟುವವನು ಬಂದು ಬಿದಿರಿನ ಪಟ್ಟಿ ಕಟ್ಟಿ, ಐದಾರು ತಿಂಗಳು ಅಲುಗಾಡಬಾರದೆಂದು ಹೇಳಿ ಹೋದ.

ದಿನವಿಡೀ ಕೈಯಲ್ಲಿ ಉಳಿ ಹಿಡಿಯುತ್ತಿದ್ದ ಮನುಷ್ಯ ಮಂಚದ ಮೇಲೆ ಮಲಗಿದರೆ ಹೇಗಿರುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಸಾರಿಗೆ ಉಪ್ಪು ಹೆಚ್ಚಾದರೂ ಸಿಟ್ಟು, ಕಡಿಮೆಯಾದರೂ ಸಿಟ್ಟು. ನನ್ನ ಕಂಕುಳಲ್ಲಿ ಎರಡು ವರ್ಷದ ಕೂಸು. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚೂಪು. ಹಿರಿಯ ಮಗಳು ಆಗ ಆರನೆಯ ಇಯತ್ತೆಯಲ್ಲಿದ್ದಳು. ನಾನು ಅವಳನ್ನು ಸಾಲಿ ಬಿಡಿಸಿ ಮನೆಯಲ್ಲಿ ಇಟ್ಟುಕೊಂಡೆ. ನೀರು, ಕೂಸು, ಅಪ್ಪನ ಆರೈಕೆ ಎಲ್ಲಕ್ಕೂ ಎರಡು ಕೈ ಸಾಲುತ್ತಿರಲಿಲ್ಲ. "ಸ್ವಲ್ಪ ದಿನ ಮನ್ಯಾಗ ಇರು" ಅಂದೆ. ಎಷ್ಟು ದಿನ ಅಂತ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅದೇ ತಿಂಗಳು ಅವಳು ದೊಡ್ಡವಳಾದಳು. ಇದ್ದುದರಲ್ಲಿಯೇ ಆರತಿ ಮಾಡಿದೆವು. ಚಾಳಿನ ಹೆಂಗಸರು ಹಾಡು ಹೇಳಿದರು, ಸಕ್ಕರೆ ಹಂಚಿದೆವು, ನನ್ನದೊಂದು ಇಳಕಲ್ ಸೀರೆ ಉಡಿಸಿದೆವು. ನಮ್ಮ ಓಣಿಯಲ್ಲಿ ಒಂದು ರೂಢಿಯಿತ್ತು. ಹುಡುಗಿ ಸೀರೆ ಉಟ್ಟ ಮೇಲೆ ಅವಳ ಹಳೆಯ ಲಂಗ ಪರಕಾರಗಳನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ, ಕತ್ತರಿಸಿ ಕೌದಿಗೆ ಸೇರಿಸುತ್ತಿದ್ದರು. ಆ ಕೌದಿ ಹೊದ್ದವರಿಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಮಲಗಿದ ಯಜಮಾನರಿಗೆ ಬೆಚ್ಚಗೆ ಹೊದಿಸಲು ಏನಾದರೂ ಬೇಕಾಗಿತ್ತು. ಒಂದು ಮುಂಜಾನೆ ನಾನು ಕಟ್ಟೆಯ ಮೇಲೆ ಕುಳಿತು ಅವಳ ಟ್ರಂಕಿನಲ್ಲಿದ್ದ ನಾಲ್ಕು ಪರಕಾರಗಳನ್ನು ಕತ್ತರಿಸಿದೆ. ಅದರಲ್ಲಿ ಒಂದು ಕೆಂಪು ಅಂಚಿನ ನೀಲಿ ಪರಕಾರ, ದಿನಾ ಸಾಲಿಗೆ ಉಡುತ್ತಿದ್ದುದು. ಮಗಳು ಬಾವಿಯಿಂದ ಕೊಡ ಹೊತ್ತು ಬಂದಳು. ನಿಂತು ನೋಡಿದಳು. ಕೊಡ ಇಳಿಸಿ ಒಳಗೆ ಹೋದಳು. ನಾನು ಕತ್ತರಿಯಿಂದ ತಲೆ ಎತ್ತಲಿಲ್ಲ.

ಮಾತು ಯಾವತ್ತು ನಿಂತಿತು ಎಂಬುದು ನನಗೆ ಮೊದಲು ಗೊತ್ತೇ ಆಗಲಿಲ್ಲ. ಅಷ್ಟು ಗದ್ದಲ ಮನೆಯಲ್ಲಿ. ಎಂಟು ದಿನದ ಮೇಲೆ ಹೊಳೆಯಿತು, ಇವಳು ನನಗೆ ಅವ್ವಾ ಅಂದೇ ಇಲ್ಲವಲ್ಲ ಎಂದು. ಏನಾದರೂ ಹೇಳಬೇಕಾದರೆ ಅಜ್ಜಿಯ ಕಡೆ ಮುಖ ಮಾಡುತ್ತಿದ್ದಳು.

"ಆಯಿ, ಹಿಟ್ಟ ಮುಗದೈತಿ ಅಂತ ಹೇಳು."

ನಾನು ಮಾರು ದೂರದಲ್ಲೇ ಒಲೆಯ ಮುಂದೆ ಕುಳಿತಿರುತ್ತಿದ್ದೆ.

"ಯಾರಿಗೆ ಹೇಳ್ಲಿ? ಗ್ವಾಡಿಗೆ ಹೇಳ್ಲ್ಯಾ?" ಎನ್ನುತ್ತಿದ್ದರು ಅತ್ತೆ. "ನಾ ಏನ ನಿಮ್ಮಿಬ್ಬರ ಟಪಾಲ ಪ್ಯಾದಿ ಏನ? ಪಗಾರಾ ಕೊಡ್ರಿ, ದಿನಾ ಎರಡ ಸಲಾ ಮುಟ್ಟಸ್ತೇನಿ."

ನಾನು ಗದರಿಸಿ ನೋಡಿದೆ. ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದು ಕರೆದು ನೋಡಿದೆ. ಬಂದು ಕುಳಿತಳು, ಎಣ್ಣೆ ಹಚ್ಚಿಸಿಕೊಂಡಳು, ಎದ್ದು ಹೋದಳು. ಐದು ಸೋಮವಾರ ಉಪವಾಸ ಮಾಡಿದೆ. ಯಾರದೋ ಕಣ್ಣು ತಾಗಿದೆ ಎಂದು ಬಾಜೂ ಮನೆಯವಳು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು, ಅವಳೂ ಕೆಮ್ಮಿದಳು. ಮಾತು ಬರಲಿಲ್ಲ.

ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಆ ದಿನ ಶಿವ ಕೊಟ್ಟದ್ದನ್ನು ಬೆರಳು ಮಡಚಿ ಎಣಿಸುವುದು ನನ್ನ ತವರಿನಿಂದ ಬಂದ ರೂಢಿ. ಆಗಲೂ ಎಣಿಸಿದೆ. ಬಾಜೂ ಮನೆಯವಳು ಕೇಳದೆಯೇ ಎರಡು ಕೊಡ ನೀರು ತಂದು ಹಾಕಿದಳು. ಕೂಸಿನ ಜ್ವರ ಇಳಿಯಿತು. ಇವತ್ತು ಯಜಮಾನರು ತಾಟು ತಳ್ಳದೆ ಉಂಡರು. ಎದುರು ಮನೆಯಿಂದ ಪುಂಡಿಪಲ್ಲೆ ಬಂತು. ನಾಲ್ಕು ಬೆರಳು ಮಡಚುವಷ್ಟು ಶಿವ ದಿನಾ ಕೊಡುತ್ತಿದ್ದ. ಐದನೆಯದು ಮಡಚದೆ ಹಾಗೇ ನಿಲ್ಲುತ್ತಿತ್ತು.

ಎರಡು ತಿಂಗಳಾಗಿರಬೇಕು. ಒಂದು ಶನಿವಾರ ಧಾರವಾಡದಿಂದ ಒಬ್ಬರು ಅಕ್ಕೋರು ಬಂದರು. ಟೀಚರಾಗುವ ಹೆಣ್ಣುಮಕ್ಕಳಿಗೆ ಪಾಠ ಹೇಳುವವರು. ಬಿಳಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಮೂವತ್ತರ ಹತ್ತಿರದ ವಯಸ್ಸು. ಸಾಲಿಗೆ ಬರುವುದನ್ನು ಬಿಟ್ಟ ಹುಡುಗಿಯರ ಹೆಸರನ್ನು ಸಾಲಿಯಿಂದ ಬರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಸಾಲಿ ಬಿಡಿಸಿದ್ದಕ್ಕೆ ಕೇಳಲು ಬಂದರೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಸಾಲೀಗೆ ಎಳಕೊಂಡ ಹೋಗಾಕ ಬಂದಿಲ್ರಿ, ಅಂಜಬ್ಯಾಡ್ರಿ," ಅಂದರು. "ಹನ್ನೆರಡರಿಂದ ಹದಿನಾರ ವರ್ಷದ ಮಕ್ಕಳ ಮನಸ್ಸಿನಾಗ ಏನ ನಡೀತೈತಿ, ಮನ್ಯಾಗ ತ್ರಾಸ ಇದ್ದಾಗ ಅವರಿಗೆ ಏನ ಅನಸ್ತೈತಿ, ಅದನ್ನ ಕೇಳಿ ಬರಕೊಳ್ಳಾಕತ್ತೇನ್ರಿ. ಅದರ ಮ್ಯಾಲ ಅಭ್ಯಾಸ ಮಾಡಿ ಬರಿಯಾಕತ್ತೇನಿ."

"ಅದಕ್ಕ ಧಾರವಾಡದಿಂದ ಬರಬೇಕಿತ್ತೇನವಾ?" ಅಂದರು ಅತ್ತೆ ಒಳಗಿನಿಂದ. "ಹಸಿವಿ ಅನಸ್ತೈತಿ. ಬರಕೋ."

ಅಕ್ಕೋರು ಖರೇನೇ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮಗಳಿಗೆ ಸಿಟ್ಟ ಬಂದಾಗ ಏನ ಮಾಡ್ತಾಳ್ರಿ?" ಎಂದು ಕೇಳಿದರು.

"ಅಕಿಗೆ ಸಿಟ್ಟ ಅಂದ್ರನ ಗೊತ್ತಿಲ್ರಿ. ಬಂಗಾರದಂಥಾ ಹುಡುಗಿ," ಅಂದೆ.

ಅಡುಗೆಮನೆಯಲ್ಲಿ ಪಾತ್ರೆಯೊಂದು ನೆಲಕ್ಕೆ ಬಡಿದ ಸಪ್ಪಳವಾಯಿತು. ಅಕ್ಕೋರು ಆ ಕಡೆ ನೋಡಲಿಲ್ಲ. ಬರೆಯುತ್ತಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದರು.

ಅಲ್ಲಿಂದ ಮೂರು ನಾಲ್ಕು ಶನಿವಾರ ಬಂದರು. ಮಧ್ಯಾಹ್ನ ನಾವು ಚಾಳಿನ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕುಳಿತು ನಮ್ಮ ಯಜಮಾನರ ಕೌದಿ ಹೊಲಿಯುತ್ತಿದ್ದೆವು. ಅಕ್ಕೋರೂ ಕುಳಿತು ಸೂಜಿ ಹಿಡಿದರು. ಅವರ ಹೊಲಿಗೆ ನೋಡಿ ಬಾಜೂ ಮನೆಯವಳು ನಕ್ಕಳು.

"ಅಕ್ಕೋರ, ಕೋಳಿ ನಡದಂಗ ಹೊಲದೀರಲ್ರಿ. ಇರಲಿ, ಒಂದ ಕೇಳ್ತೇನಿ. ನೀವು ಲಗ್ನಾ ಆಗಿಲ್ಲ, ಹಡದಿಲ್ಲ. ಮಕ್ಕಳ ಸಿಟ್ಟಿನ ಮ್ಯಾಲ ಹೆಂಗ ಬರೀತೀರಿ?"

"ಹಡದಿಲ್ಲ ಖರೇ. ಆದ್ರ ನಾನೂ ಒಮ್ಮೆ ಹದಿಮೂರ ವರ್ಷದಾಕಿ ಇದ್ದೆನಲ್ರಿ," ಅಂದರು ಅಕ್ಕೋರು. "ನೀವೆಲ್ಲಾರೂ ಇದ್ರಿ. ಮರತೀರಿ ಅಷ್ಟ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹದಿಮೂರಕ್ಕೆ ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದೆ. ಆಗ ನನಗೆ ಏನು ಅನಿಸುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಒಂದು ಶನಿವಾರ ಅಕ್ಕೋರು ಪ್ರಶ್ನೆ ಬರೆದ ಕಾಗದವನ್ನು ಮಗಳ ಕೈಗೆ ಕೊಟ್ಟರು. ತಾನೇ ಉತ್ತರ ಬರೆದು, ಮಡಚಿ, ಅಂಟಿಸಿ ಕೊಡಬೇಕು, ಬೇರೆ ಯಾರೂ ಓದುವುದಿಲ್ಲ ಎಂದರು. ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಕುಳಿತಳು. ಮುಂದಿನ ಶನಿವಾರ ಅಕ್ಕೋರು ಬಂದಾಗ ಕೊಟ್ಟಳು. ಅಕ್ಕೋರು ಕಾಗದವನ್ನು ಚೀಲದಲ್ಲಿಟ್ಟು, ಚೀಲವನ್ನು ಗೂಟಕ್ಕೆ ಹಾಕಿ, ಕೈಕಾಲು ತೊಳೆಯಲು ಬಾವಿಗೆ ಹೋದರು.

ಪಡಸಾಲೆಯಲ್ಲಿ ನಾನೊಬ್ಬಳೇ. ಮೂರನೆಯ ಇಯತ್ತೆಯ ತನಕ ಓದಿದವಳು ನಾನು, ಕೂಡಿಸಿ ಕೂಡಿಸಿ ಓದಬಲ್ಲೆ. ಗೂಟದ ಹತ್ತಿರ ಹೋದೆ. ಚೀಲದಲ್ಲಿ ಕೈ ಹಾಕಿದೆ. ಮಡಚಿದ ಕಾಗದ ಸಿಕ್ಕಿತು. ಅಂಚು ಇನ್ನೂ ಸ್ವಲ್ಪ ಹಸಿ ಇತ್ತು, ಬೆರಳಿಗೆ ಅಂಟು ತಾಗಿತು. ಗೋಧಿಹಿಟ್ಟಿನ ಅಂಟು. ಆ ಮುಂಜಾನೆ ನಮ್ಮ ಒಲೆಯ ಮೂಲೆಯಲ್ಲಿ ಒಂದು ಸಣ್ಣ ಬಟ್ಟಲು ಕುದಿಯುತ್ತಿದ್ದುದನ್ನು ನೋಡಿದ್ದೆ, ಕೂಸಿಗೆ ಗಂಜಿ ಅಂದುಕೊಂಡಿದ್ದೆ. ನನ್ನ ಒಲೆಯ ಮೇಲೆ, ನನ್ನ ಪಕ್ಕದಲ್ಲೇ, ನನಗೆ ಕಾಣಬಾರದೆಂದು ಮುಚ್ಚುವುದಕ್ಕೆ ಅಂಟು ಕುದಿಸಿದ್ದಳು ನನ್ನ ಮಗಳು. ಕಾಗದವನ್ನು ಅಲ್ಲೇ ಬಿಟ್ಟು ಕೈ ತೆಗೆದೆ. ತಿರುಗಿದರೆ ಬಾಗಿಲಲ್ಲಿ ಅವಳೇ ನಿಂತಿದ್ದಳು. ನನ್ನ ಕೈ ನೋಡಿ, ತಿರುಗಿ ಹೋದಳು.

ಆವತ್ತು ಹೆಂಗಸರೆಲ್ಲ ಎದ್ದು ಹೋದ ಮೇಲೆ ಕೌದಿ ಹೊಲಿಯುತ್ತಲೇ ಅಕ್ಕೋರ ಮುಂದೆ ಎಲ್ಲ ಹೇಳಿಬಿಟ್ಟೆ. ಚೀಲದಲ್ಲಿ ಕೈ ಹಾಕಿದ್ದನ್ನೂ ಹೇಳಿದೆ.

"ಮೂರ ತಿಂಗಳಾತ್ರೀ ನನಗ ಅವ್ವಾ ಅಂದು. ಆ ಕಾಗದದಾಗ ನನ್ನ ಬಗ್ಗೆ ಏನ ಬರದಾಳ, ಒಂದ ಮಾತ ಹೇಳ್ರಿ ಸಾಕು."

"ಹೇಳಾಕ ಬರೂದಿಲ್ರಿ. ಅಕಿಗೆ ಮಾತ ಕೊಟ್ಟೇನಿ."

"ಹಡದಾಕಿ ನಾನ್ರಿ!"

"ಹೌದಲ್ರಿ. ಅದಕ್ಕ ಅಕಿನ ನಿಮಗ ಹೇಳಬೇಕು. ನಾ ಹೇಳಿದ್ರ, ಇನ್ನ ಮ್ಯಾಲ ಅಕಿ ಯಾರ ಮುಂದೂ ಬಾಯಿ ಬಿಡೂದಿಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. "ಮತ್ತ ನಾ ಏನ ಮಾಡ್ಲ್ರೀ?" ಅಂದೆ.

ಅಕ್ಕೋರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ನನಗೂ ಪೂರಾ ಗೊತ್ತಿಲ್ರಿ. ಗೊತ್ತಿದ್ರ ಹಿಂಗ ಮನಿಮನಿ ತಿರಗತಿದ್ದಿಲ್ಲ. ಒಂದ ಮಾತ್ರ ನೋಡೇನಿ. ಎದುರ ಕುಂತು ಮಾರಿ ನೋಡಿ ಕೇಳಿದ್ರ ಈ ವಯಸ್ಸಿನ ಮಕ್ಕಳು ಬಾಯಿ ಮುಚ್ಚತಾರ. ಕೈಗೆ ಕೆಲಸ ಇದ್ದು ಕಣ್ಣ ಬ್ಯಾರೆ ಕಡೆ ಇದ್ದಾಗ ತಾವ ಬಿಚ್ಚತಾರ. ನೀವೂ ಹಂಗ ಅಲ್ಲೇನ್ರಿ? ಕೈಯಾಗ ಸೂಜಿ ಇತ್ತಂತ ನನಗ ಇಷ್ಟ ಹೇಳಿದ್ರಿ."

ಯಜಮಾನರ ಕೌದಿ ಆ ವಾರ ಮುಗಿಯಿತು. ಮರುದಿನವೇ ಇನ್ನೊಂದು ಹಾಸಿದೆ. ಹಳೆಯ ಧೋತರದ ಮೇಲೆ ನನ್ನ ಸವೆದ ಸೀರೆಯ ತುಂಡುಗಳನ್ನು ಹರವಿದೆ. ಕೌದಿ ಹೊಲಿಯುವುದು ಅಂಚಿನಿಂದ ಒಳಕ್ಕೆ. ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರಬೇಕು. ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ, ಅದು ಕೌದಿಯ ಹೊಟ್ಟೆ. ಅದರೊಳಗೆ ಒಣರೊಟ್ಟಿಯ ಚೂರು, ಒಂದು ಹರಳು ಬೆಲ್ಲ ಇಟ್ಟು ಮುಚ್ಚುತ್ತೇವೆ. ಖಾಲಿ ಹೊಟ್ಟೆಯ ಕೌದಿಯನ್ನು ಯಾರಿಗೂ ಹೊದಿಸಬಾರದು.

ನಾನು ಒಂದು ಮೂಲೆಯಿಂದ ಶುರು ಮಾಡಿದೆ. ಎದುರು ಮೂಲೆಯಲ್ಲಿ ಇನ್ನೊಂದು ಸೂಜಿಗೆ ದಾರ ಪೋಣಿಸಿ ಚುಚ್ಚಿಟ್ಟೆ. ಯಾರನ್ನೂ ಕರೆಯಲಿಲ್ಲ. ಮೂರು ದಿನ ಆ ಸೂಜಿ ಹಾಗೇ ಇತ್ತು.

"ಅಲ್ಲೊಂದ ಸೂಜಿ ಯಾರಿಗೆ ಇಟ್ಟಿ? ಜಂಗು ಹಿಡಿತೈತಿ ಅದಕ್ಕ," ಅಂದರು ಅತ್ತೆ. ಮಂಜು ಕಣ್ಣಿಗೆ ಅದು ಹೇಗೆ ಕಂಡಿತೋ.

ನಾಲ್ಕನೆಯ ದಿನ ನಾನು ಹಿಟ್ಟು ಬೀಸಿ ಬರುವಷ್ಟರಲ್ಲಿ ಆ ಮೂಲೆಯಲ್ಲಿ ಒಂದು ಗೇಣು ಹೊಲಿಗೆ ಬಿದ್ದಿತ್ತು. ನನ್ನದಕ್ಕಿಂತ ಸಣ್ಣ ಹೊಲಿಗೆ, ನೆಟ್ಟಗಿನ ಸಾಲು. ನಾನು ನೋಡಿದರೂ ನೋಡದವಳ ಹಾಗೆ ನನ್ನ ಮೂಲೆಯಲ್ಲಿ ಕುಳಿತೆ. ಮರುದಿನ ನಾನಿರುವಾಗಲೇ ಬಂದು ಕುಳಿತಳು. ಮಾತಿಲ್ಲ. ಕೂಸು ಕೌದಿಯ ನಡುವೆ ಉರುಳಾಡುತ್ತಿತ್ತು. ಅದನ್ನು ನೋಡಿ ಇಬ್ಬರಿಗೂ ನಗು ಬರುತ್ತಿತ್ತು, ಇಬ್ಬರೂ ತಲೆ ಬಗ್ಗಿಸುತ್ತಿದ್ದೆವು.

ಹಾಗೆ ಇಪ್ಪತ್ತು ದಿನ. ನನ್ನ ಕಡೆಯಿಂದ ನಾನು, ಅವಳ ಕಡೆಯಿಂದ ಅವಳು. ಇಬ್ಬರ ಸೂಜಿಗಳ ನಡುವೆ ನಾಲ್ಕು ಮೊಳ ಇದ್ದದ್ದು ಒಂದು ಮೊಳವಾಯಿತು. ಆಮೇಲೆ ಗೇಣು. ನನಗೆ ಒಳಗೊಳಗೇ ಹೆದರಿಕೆ. ಮಾತು ಬರದೆಯೇ ಕೌದಿ ಮುಗಿದುಬಿಟ್ಟರೆ ಮುಂದೆ ಯಾವ ನೆಪದಿಂದ ಕೂರಿಸಲಿ? ಒಂದೆರಡು ಸಲ ಅವಳು ಎದ್ದು ಹೋದ ಮೇಲೆ ನನ್ನ ಅರ್ಧ ಸಾಲು ಬಿಚ್ಚಿದ್ದೂ ಉಂಟು. ಶಿವ ಅದನ್ನು ತಪ್ಪು ಅಂತ ಹಿಡಿದಿರಲಾರ.

ಹೊಟ್ಟೆಯ ತನಕ ಬಂದ ದಿನ ನಾನು ಒಣರೊಟ್ಟಿಯ ಚೂರು, ಬೆಲ್ಲ ತಂದು ನಡುವೆ ಇಟ್ಟೆ. ಅವಳು ಮೇಲಿನ ತುಂಡನ್ನು ಎಳೆದು ಮೂರು ಕಡೆ ಹೊಲಿದಳು. ನಾಲ್ಕನೆಯ ಕಡೆಗೆ ಬಂದಾಗ ಅವಳ ಸೂಜಿ ನಿಂತಿತು.

"ಅವ್ವಾ, ದಾರ ಮುಗೀತು."

ದಾರದ ಉಂಡೆ ನನ್ನ ಮಡಿಲಲ್ಲೇ ಇತ್ತು. ಆದರೂ ನಾನು ಅಲ್ಲಿ ಇಲ್ಲಿ ಹುಡುಕಿದೆ. ಕಣ್ಣು ಕಾಣಲಿಲ್ಲ.

"ಏನ?" ಅಂದರು ಒಳಗಿನಿಂದ ಅತ್ತೆ. "ನನ್ನ ನೌಕರಿ ಹೋತೇನ?"

ಮಗಳು ನಕ್ಕಳು. ಆಮೇಲೆ ಕೌದಿ ನೋಡುತ್ತಲೇ ಹೇಳಿದಳು, "ನನ್ನ ಸಾಲಿ ಪರಕಾರ ಕತ್ತರಿಸಿಬಿಟ್ಟಿ."

"ಸೀರಿ ಉಟ್ಟ ಮ್ಯಾಲ ಪರಕಾರ ಯಾಕ ಬೇಕು, ನಮ್ಮವ್ವಾ? ಎಲ್ಲಾರೂ ಮಾಡತಾರ."

"ಹಿಂದಿನ ಓಣಿ ಹುಡುಗೀದೂ ಹಂಗ ಕತ್ತರಿಸಿದ್ರು. ಸಾಲಿ ಬಿಡಿಸಿದ್ರು. ಬ್ಯಾಸಗ್ಯಾಗ ಲಗ್ನಾ ಮಾಡಿದ್ರು."

ನನಗೆ ಆಗ ತಿಳಿಯಿತು. ಕೊಡ ಇಳಿಸಿ ಒಳಗೆ ಹೋದ ಆ ಮುಂಜಾನೆ ಕಣ್ಣ ಮುಂದೆ ಬಂತು.

"ನಿನ್ನ ಸಾಲಿ ಮುಗೀತಂತ ಯಾರ ಹೇಳಿದ್ರು? ನಿಮ್ಮಪ್ಪ ಕೋಲ ಹಿಡದ ನಡಿಯೂ ಮಟಾ ಅಷ್ಟ. ಏಳನೇ ಇಯತ್ತೆ ಮುಗದು ನಿನ್ನ ಮುಲ್ಕಿ ಪರೀಕ್ಷಾ ಆಗೂ ಮಟಾ ಕಲಸೂದು ಅಂತ ನಾವಿಬ್ಬರೂ ಎಂದೋ ಮಾತಾಡೇವಿ."

"ನನಗ ಯಾವಾಗ ಹೇಳಿದಿ?"

ಹೇಳಿರಲಿಲ್ಲ. ಮಕ್ಕಳಿಗೆ ಇಂಥದ್ದನ್ನೆಲ್ಲ ಕೂರಿಸಿ ಹೇಳುವ ರೂಢಿ ನಮ್ಮಲ್ಲಿ ಎಲ್ಲಿತ್ತು?

"ಮತ್ತ ನೀನರ ಒಂದ ಮಾತ ಕೇಳಬಾರದಾಗಿತ್ತ?"

"ಕೇಳಿದ್ರ ನೀ ಹೌದು, ಸಾಲಿ ಮುಗೀತು ಅಂತಿದ್ದಿ ಅನಿಸ್ತು," ಅಂದಳು. "ಕೇಳೂ ಮಟಾ ಹೌದು ಅಂದಿಲ್ಲಲಾ ಅಂತ ಇರತಿತ್ತು."

ಹದಿಮೂರು ವರ್ಷದ ಹುಡುಗಿ ಆ ಒಂದು ಹೌದನ್ನು ಕೇಳಬಾರದೆಂದು ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ನೀರು ಹೊತ್ತಿದ್ದಳು, ಕೂಸು ಎತ್ತಿದ್ದಳು, ಅಪ್ಪನ ಬೈಗಳು ತಿಂದಿದ್ದಳು. ದಾರ ಪೋಣಿಸಿ ಕೊಟ್ಟೆ. ಅವಳು ನಾಲ್ಕನೆಯ ಕಡೆ ಮುಚ್ಚಿದಳು.

"ಆವತ್ತ ಅಕ್ಕೋರ ಚೀಲದಾಗ ಕೈ ಹಾಕಿದ್ದಿ. ನಾ ನೋಡೇನಿ," ಅಂದಳು ಗಂಟು ಹಾಕುತ್ತ.

"ತಪ್ಪಾತ."

"ತಗೀಲಾರದ ಬಿಟ್ಟಿ. ಅದನ್ನೂ ನೋಡೇನಿ."

ಆ ಸಂಜೆ ದೀಪದ ಮುಂದೆ ಐದನೆಯ ಬೆರಳು ಮಡಚಿದೆ.

ಮರುದಿನ ನಾವಿಬ್ಬರೂ ಯಜಮಾನರ ಕೌದಿ ಎಳೆದುಕೊಂಡು ಅದರಿಂದ ನೀಲಿ ಪರಕಾರದ ತುಂಡುಗಳನ್ನು ಬಿಚ್ಚತೊಡಗಿದೆವು. ಮತ್ತೆ ಪರಕಾರ ಆಗುವಂತಿರಲಿಲ್ಲ, ಕೂಡಿಸಿದರೆ ಒಂದು ಪಾಟಿಚೀಲ ಆಗುತ್ತಿತ್ತು.

"ಏನ್ರವಾ, ನನ್ನ ಕಾಲ ಮುರದದ್ದು ಸಾಲಲಿಲ್ಲಂತ ಥಂಡಿನೂ ಹಚ್ಚತೀರೇನ?" ಅಂದರು ಅವರು ಮಂಚದ ಮೇಲಿನಿಂದ.

"ಹೊಸಾ ಕೌದಿ ನಿಮಗ ರೀ. ಹೊಟ್ಟಿ ತುಂಬಿದ್ದು," ಅಂದೆ.

"ಹಂಗಾರ ಬಿಚ್ಚರಿ," ಅಂದರು. ಬಹಳ ದಿನದ ಮೇಲೆ ನಕ್ಕರು.

ಅವರು ಕೋಲು ಹಿಡಿದು ಅಂಗಳ ದಾಟಿದ ವಾರವೇ ಮಗಳು ಸೀರೆ ಉಟ್ಟು, ಕೆಂಪು ಅಂಚಿನ ನೀಲಿ ಚೀಲ ಹೆಗಲಿಗೆ ಹಾಕಿ ಸಾಲಿಗೆ ಹೋದಳು. ಬಾಜೂ ಮನೆಯವಳು ಪರೀಕ್ಷೆ ಮುಗಿಯುವ ತನಕ ನನ್ನ ಎರಡು ಕೊಡ ನೀರು ತಪ್ಪಿಸಲಿಲ್ಲ. ಅಕ್ಕೋರು ಒಮ್ಮೆ ಬಂದು, ಅಭ್ಯಾಸ ಬರೆದು ಮುಗಿಸಿದ್ದಾಗಿ ಹೇಳಿ ಹೋದರು. ಅದನ್ನು ಯಾರು ಓದಿದರೋ ನಾನರಿಯೆ. ಮಗಳ ಕಾಗದದಲ್ಲಿ ಏನಿತ್ತೆಂದು ನಾನು ಮತ್ತೆ ಕೇಳಲಿಲ್ಲ. ಅವಳೂ ಹೇಳಿಲ್ಲ.

ಈಗ ಅವಳೇ ಗದಗಿನ ಕಡೆಯ ಒಂದು ಊರಲ್ಲಿ ಅಕ್ಕೋರು. ಸಾಲಿಗೆ ಸೂಟಿ ಬಿಟ್ಟು ಬಂದರೆ ಬಾಗಿಲಿನಿಂದಲೇ ಮಾತು ಶುರು ಮಾಡುತ್ತಾಳೆ, ನಿಲ್ಲಿಸುವುದೇ ಇಲ್ಲ. ಶಿವ ಬೇಕಾದಷ್ಟು ಕೊಟ್ಟಿದ್ದಾನೆ, ಇನ್ನೂ ಬೇಡಿದರೆ ನನ್ನದೇ ತಪ್ಪು. ಆದರೂ ಒಂದು ಹೇಳಬೇಕು. ಮಾತು ಬಿಡುವುದಕ್ಕೆ ಮೊದಲು ಅವಳದು ಕೂಸಿನ ದನಿ, ಅವ್ವಾ ಅಂದರೆ ಕೊನೆಗೆ ಸಣ್ಣಗೆ ಎಳೆಯುತ್ತಿತ್ತು. ದಾರ ಮುಗೀತು ಅಂದಾಗ ಕೇಳಿದ್ದು ಬೇರೆ ದನಿ, ತುಂಬಿದ ದನಿ, ಇವತ್ತಿಗೂ ಅದೇ ಇದೆ. ಆ ದನಿಯಿಂದ ಈ ದನಿಗೆ ಅವಳು ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರೇ ದಾಟಿ ಬಂದಳು. ಎಲ್ಲರೂ ಕೇಳಿದರು, ಮಂಚದ ಮೇಲಿದ್ದವರೂ ಕೇಳಿದರು. ಅಜ್ಜಿಗೆ ಹೇಳುವಾಗ ನನ್ನ ಕಿವಿಗೂ ಬಿದ್ದಿರಬೇಕು, ನಾನು ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಈಗಲೂ ಕೌದಿ ಹಾಸುತ್ತೇನೆ. ಎದುರು ಮೂಲೆಯಲ್ಲಿ ಒಂದು ಸೂಜಿ ಚುಚ್ಚಿಡುವ ರೂಢಿ ಹೋಗಿಲ್ಲ. ಒಮ್ಮೊಮ್ಮೆ ನನ್ನ ದಾರ ಮುಗಿದರೂ ಹೊಸದು ಪೋಣಿಸದೆ ಸ್ವಲ್ಪ ಹೊತ್ತು ಹಾಗೇ ಕುಳಿತಿರುತ್ತೇನೆ.